ಗಂಟೆ ಹೊಡೆದರೆ ಬೀಳುವ ಇಲಿಗಳು

ಚಾಮರಾಜನಗರ: ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಕಾಲೇಜಿನ ಪ್ರಾಣಿಮನೆಯಲ್ಲಿ ಹದಿನಾಲ್ಕನೇ ನಂಬರಿನ ಇಲಿ ಬೀಳಲಿಲ್ಲ. ಒಂದು ನಿಮಿಷ ಪೂರ್ತಿ ಗಂಟೆ ಹೊಡೆದರೂ ಬೀಳಲಿಲ್ಲ. ಬಾಲ ನೆಕ್ಕಿಕೊಂಡು ಕೂತಿತ್ತು. ಸಂಶೋಧನಾ ವಿದ್ಯಾರ್ಥಿನಿ ಕಣ್ಣುಜ್ಜಿಕೊಂಡು ನೋಡಿದಳು. ವಿಭಾಗದ ಮುಖ್ಯಸ್ಥರಿಗೆ ಫೋನ್ ಹೋಯಿತು. ಅವರು ಪ್ರಿನ್ಸಿಪಾಲರಿಗೆ ತಿಳಿಸಿದರು. ಪ್ರಿನ್ಸಿಪಾಲರು ಇಲಿಯ ಆರೋಗ್ಯ ಹೇಗಿದೆ ಎಂದು ವಿಚಾರಿಸಿದರು. ಚೆನ್ನಾಗಿದೆ, ಅದೇ ಸಮಸ್ಯೆ ಎಂದು ಉತ್ತರ ಕೊಡಲಾಯಿತು.

ಇಂಥವು ನಮ್ಮ ವಿಭಾಗದಲ್ಲಿ ಒಂದರ ಹಿಂದೊಂದು ನಡೆಯುತ್ತಲೇ ಇರುತ್ತವೆ. ಪತ್ರಿಕೆಯವರಿಗೆ ಇನ್ನೂ ಗೊತ್ತಾಗಿಲ್ಲ ಅಷ್ಟೆ. ನಾನು ಅಲ್ಲಿ ತಂತ್ರಜ್ಞ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸ್ಟಾಪ್‌ವಾಚ್ ಹಿಡಿಯುವುದು. ನಾವು ಸಾಕಿರುವುದು ದೊಡ್ಡ ಸದ್ದಿಗೆ ಮೂರ್ಛೆ ಹೋಗುವ ತಳಿಯ ಪುಟ್ಟ ಇಲಿಗಳು. ವಾರಕ್ಕೊಮ್ಮೆ ಒಂದೊಂದನ್ನೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೇಲೆ ಎಲೆಕ್ಟ್ರಿಕ್ ಗಂಟೆ ಹೊಡೆಯುತ್ತೇವೆ. ಎಷ್ಟನೇ ಸೆಕೆಂಡಿಗೆ ಓಡಿತು, ಎಷ್ಟನೇ ಸೆಕೆಂಡಿಗೆ ಬಿತ್ತು, ಯಾವಾಗ ಎದ್ದು ಮುಖ ತೊಳೆದುಕೊಂಡಿತು ಎಂದು ಬರೆಯುತ್ತೇನೆ. ಏನೂ ಆಗದಿದ್ದರೆ ಅಂಕ ಸೊನ್ನೆ. ಹುಚ್ಚಾಪಟ್ಟೆ ಓಡಿದರೆ ಒಂದು. ಬಿದ್ದು ಒದ್ದಾಡಿದರೆ ಎರಡು. ಕೈಕಾಲು ಸೆಟೆದುಕೊಂಡರೆ ಮೂರು. ಶಾಲೆಯ ಪರೀಕ್ಷೆಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ಸೊನ್ನೆ ತೆಗೆದವರೇ ಮೊದಲನೇ ದರ್ಜೆ. ಮದ್ದು ಕೊಟ್ಟರೆ ಈ ಅಂಕ ಎಷ್ಟು ಇಳಿಯುತ್ತದೆ ಎಂದು ಅಳೆಯುವುದೇ ಆ ವಿದ್ಯಾರ್ಥಿನಿಯ ಸಂಶೋಧನೆ. ಹದಿನಾಲ್ಕನೇ ಇಲಿಗೆ ನಾವು ಇನ್ನೂ ಮದ್ದು ಶುರುಮಾಡಿರಲಿಲ್ಲ. ಮದ್ದಿಲ್ಲದೆ ವಾಸಿಯಾಗುವ ಅಧಿಕಾರ ಅದಕ್ಕಿರಲಿಲ್ಲ.

೧. ಹತ್ತಿ

ತನಿಖೆ ನಡೆಯಿತು. ಗಂಟೆಯ ವೈರು ಸರಿಯಿತ್ತು. ಇಲಿ ಅದೇ ಇಲಿ. ಕೊನೆಗೆ ವಿದ್ಯಾರ್ಥಿನಿ ಅದನ್ನು ಅಂಗೈಯಲ್ಲಿ ಹಿಡಿದು ಲೆನ್ಸ್ ಇಟ್ಟು ನೋಡಿದಾಗ ಎರಡೂ ಕಿವಿಯಲ್ಲಿ ಸಾಸಿವೆ ಕಾಳಿನಷ್ಟು ಹತ್ತಿ ಸಿಕ್ಕಿತು.

ಪಂಜರದಿಂದ ಗಂಟೆಯ ಮೇಜಿಗೆ ಇಲಿ ತಂದುಕೊಡುವವರು ಒಬ್ಬರೇ, ನಮ್ಮ ಅಟೆಂಡರ್. ಕಾಡಂಚಿನ ಹಂಗಳದವರು. ದಿನಾ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ ಚಾಮರಾಜನಗರಕ್ಕೆ ಬರುತ್ತಾರೆ. ಇಷ್ಟು ಸಣ್ಣ ಕಿವಿಗೆ ಇಷ್ಟು ಅಚ್ಚುಕಟ್ಟಾಗಿ ಹತ್ತಿ ಇಟ್ಟದ್ದು ನೋಡಿ ವಿದ್ಯಾರ್ಥಿನಿಗೆ ಸಿಟ್ಟು ಬರುವ ಮೊದಲು ಮೆಚ್ಚುಗೆ ಬಂತು. ಅಟೆಂಡರ್ ಅಲ್ಲಗಳೆಯಲಿಲ್ಲ.

“ಬೀಳೋದ ನೋಡಕ್ಕಾಗದಿಲ್ಲ ಸಾ. ಮನೇಲೂ ಅದೇ ನೋಡಿ, ಇಲ್ಲೂ ಅದೇ ನೋಡ್ಬೇಕಾ?” ಅಂದರು.

ಆಗ ನಮಗೆ ವಿಷಯ ಗೊತ್ತಾಯಿತು. ಅವರ ಒಬ್ಬಳೇ ಮಗಳಿಗೆ ಮೂರ್ಛೆ ಬರುತ್ತದೆ. ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸು ಮಾಡಿ ಗುಂಡ್ಲುಪೇಟೆಯಲ್ಲಿ ಪಿಯುಸಿಗೆ ಸೇರಿದ್ದಳು. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಬಿದ್ದಳು. ಸುತ್ತಲಿದ್ದವರು ಕೈಗೆ ಬೀಗದ ಕೈ ಕೊಟ್ಟರು, ಮೂಗಿಗೆ ಈರುಳ್ಳಿ ಹಿಡಿದರು, ಮೂರು ಭಾಷೆಯಲ್ಲಿ ಸಲಹೆ ಹೇಳಿದರು. ವೈದ್ಯರು ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳು ಬೀಳಲಿಲ್ಲ. ವಾಸಿಯಾಯಿತಲ್ಲ ಎಂದು ಅಪ್ಪ ಮಾತ್ರೆ ನಿಲ್ಲಿಸಿದರು. ಮತ್ತೆ ಬಿದ್ದಳು. ಮಾತ್ರೆ ಕೆಲಸ ಮಾಡುವುದಿಲ್ಲ ಎಂದು ಅಪ್ಪ ತೀರ್ಮಾನಿಸಿದರು. ಇನ್ನೊಂದು ಸಲ ರಸ್ತೆಯಲ್ಲಿ ಬಿದ್ದು ಲಾರಿ ಕೆಳಗೆ ಹೋದರೆ ಏನು ಗತಿ ಎಂದು ಕಾಲೇಜು ಬಿಡಿಸಿ ಮನೆಯಲ್ಲಿ ಕೂರಿಸಿದ್ದರು. ಹುಡುಗಿ ದಿನಾ ಬೆಳಿಗ್ಗೆ ಸಮವಸ್ತ್ರ ಇಸ್ತ್ರಿ ಮಾಡಿ ಮಡಿಸಿಡುತ್ತಿದ್ದಳಂತೆ.

ವಿದ್ಯಾರ್ಥಿನಿ ಅವರನ್ನು ಬೈಯಲಿಲ್ಲ. ಇಲಿಗೆ ಅರ್ಧ ನಿಮಿಷದಲ್ಲಿ ಪ್ರಜ್ಞೆ ಬರುತ್ತದೆ, ಯಾವ ಮದ್ದು ಎಷ್ಟು ಕೊಟ್ಟರೆ ಬೀಳುವುದಿಲ್ಲ ಅಂತ ತಿಳಿಯಲಿಕ್ಕೇ ನಾವು ಇಷ್ಟೆಲ್ಲ ಮಾಡುವುದು, ನಿಮ್ಮ ಮಗಳಂಥವರಿಗಾಗಿಯೇ ಎಂದು ಕೂರಿಸಿಕೊಂಡು ಹೇಳಿದಳು. ಅವರು ತಲೆಯಾಡಿಸಿದರು. ನಂಬಿದ ಹಾಗೆ ಕಾಣಲಿಲ್ಲ.

ಅಂದಿನಿಂದ ನಮ್ಮ ಅಂಕಪಟ್ಟಿಯಲ್ಲಿ ತೂಕ, ಲಿಂಗ, ವಯಸ್ಸಿನ ಜೊತೆ ಇನ್ನೊಂದು ಕಾಲಂ ಸೇರಿತು. ಹತ್ತಿ: ಇದೆ / ಇಲ್ಲ.

೨. ಹನ್ನೊಂದೂ ಹತ್ತರ ಊಟ

ಪ್ರಾಣಿಮನೆಯ ಕಾಂಪೌಂಡಿನ ಆಚೆ ಒಂದು ಪ್ರಾಥಮಿಕ ಶಾಲೆಯಿದೆ. ಅಲ್ಲಿನ ಹೆಡ್‌ಮಾಸ್ಟರು ಒಂದು ದಿನ ಲಿಖಿತ ದೂರು ತಂದರು. ಪ್ರತಿ ಸೋಮವಾರ ಹನ್ನೊಂದೂ ಹತ್ತಕ್ಕೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಅಡುಗೆ ಮನೆಯ ಮುಂದೆ ನಿಲ್ಲುತ್ತಾರೆ, ಅಡುಗೆಯವಳು ಇನ್ನೂ ಬೇಳೆ ತೊಳೆಯುತ್ತಿರುತ್ತಾಳೆ. ಮತ್ತೆ ಒಳಗೆ ಕೂರಿಸಿ ಹತ್ತು ನಿಮಿಷವಾಗುವಷ್ಟರಲ್ಲಿ ಇನ್ನೊಂದು ಗಂಟೆ. ಒಂದು ಸೋಮವಾರ ಅವರ ಶಾಲೆಯಲ್ಲಿ ಒಂಬತ್ತು ಸಲ ಊಟದ ಹೊತ್ತಾಗಿತ್ತು.

ವಿದ್ಯಾರ್ಥಿನಿಯ ಸಂಶೋಧನೆಯ ಮಾರ್ಗದರ್ಶಕರು ವಿಷಾದ ವ್ಯಕ್ತಪಡಿಸಿದರು. ವಿಜ್ಞಾನಕ್ಕೆ ಗಂಟೆ ಅನಿವಾರ್ಯ ಎಂದರು. ಶಿಕ್ಷಣಕ್ಕೂ ಅನಿವಾರ್ಯ ಎಂದು ಹೆಡ್‌ಮಾಸ್ಟರು ಹೇಳಿದರು. ಅಟೆಂಡರ್ ಚಹಾ ತಂದಿಟ್ಟು ತಮ್ಮಷ್ಟಕ್ಕೆ ಎಂಬಂತೆ, “ಗಂಟೆ ಹೊಡುದ್ರೆ ಈ ಮಕ್ಳು ಸ್ಕೂಲಿಂದ ಆಚಕ್ ಓಡ್ ಬತ್ತವ. ನನ್ ಕೂಸು ಒಳಕ್ ಓಗಕ್ಕೇ ದಾರಿ ಕಾಯ್ತಾ ಅದ” ಅಂದರು. ಹೆಡ್‌ಮಾಸ್ಟರು ದೂರಿನ ಹಾಳೆ ಮಡಿಸಿದರು.

ಶಾಲೆಯ ಊಟದ ಹೊತ್ತಿಗೇ ನಮ್ಮ ಅಳತೆಯನ್ನೂ ಇಟ್ಟುಕೊಳ್ಳುವುದೆಂದು ಒಪ್ಪಂದವಾಯಿತು. ಸಂಶೋಧನಾ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಈಗ ಹೀಗಿದೆ: ದಿನದ ವೇಳೆಯಿಂದ ಮೆದುಳಿನಲ್ಲಾಗುವ ಏರಿಳಿತಗಳನ್ನು ತಪ್ಪಿಸುವ ಸಲುವಾಗಿ ಎಲ್ಲ ಅಳತೆಗಳನ್ನೂ ಮಧ್ಯಾಹ್ನ ಒಂದು ಗಂಟೆಗೇ ಮಾಡಲಾಗಿದೆ.

೩. ಮಂಡಿಯ ಇಲಿಗಳು

ವಿದ್ಯಾರ್ಥಿನಿಯ ಮನೆ ಗುಂಡ್ಲುಪೇಟೆಯಲ್ಲಿ. ಹೆದ್ದಾರಿಯ ಪಕ್ಕದಲ್ಲೇ ಅವಳ ತಂದೆಯ ಮಂಡಿ, ಈರುಳ್ಳಿ, ರಾಗಿ, ಹುರುಳಿ. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿಯಿಲ್ಲದೆ ಅವರನ್ನು ಯಾರೂ ನೋಡಿಲ್ಲ. ಏನೋ ಕೆಲಸಕ್ಕೆ ಚಾಮರಾಜನಗರಕ್ಕೆ ಬಂದವರು ಮಗಳ ಪ್ರಯೋಗಾಲಯ ನೋಡಿಹೋಗಲು ಬಂದರು. ಇಲಿಗಳಿಗೆ ಏಸಿ ಇರುವುದನ್ನು ನೋಡಿದರು. ಮೇವಿನ ಚೀಟಿ ಓದಿದರು. ಇವು ಎಲ್ಲಿಂದ ಬಂದವು ಎಂದು ಕೇಳಿ, ಬೆಂಗಳೂರಿನಿಂದ ಏಸಿ ಗಾಡಿಯಲ್ಲಿ ಎಂದು ತಿಳಿದು ಮೇವಿನ ಚೀಟಿಯನ್ನು ಇನ್ನೊಂದು ಸಲ ಓದಿದರು.

ಮುಂದಿನ ವಾರ ಅವರು ಮಗಳ ಮೇಲಿನ ಪ್ರೀತಿಯಿಂದ ಒಂದು ತಗಡಿನ ಡಬ್ಬ ತಂದರು. ಒಳಗೆ ಮಂಡಿಯ ಗೋಡೌನಿನಲ್ಲಿ ಹಿಡಿದ ಏಳು ಇಲಿಗಳು ರಾಗಿ ಮೆಲ್ಲುತ್ತಿದ್ದವು. ಬೇಕಾದರೆ ಇನ್ನೂ ಕಳಿಸುತ್ತೇನೆ, ಒಂದು ಮೂಟೆಯಾದರೂ ಸರಿ ಎಂದರು. ಹೊರಗಿನ ಇಲಿಯನ್ನು ಪ್ರಾಣಿಮನೆಯ ಒಳಗೆ ಬಿಡುವಂತಿಲ್ಲ, ಒಂದೊಂದು ಇಲಿಗೂ ನೈತಿಕ ಸಮಿತಿಯ ಅನುಮತಿ ಬೇಕು ಎಂದು ಮಗಳು ವಿವರಿಸಿದಳು. ಸಮಿತಿಯವರು ನಮ್ಮ ಮಂಡಿಗೆ ಒಂದು ಸಲ ಬಂದರೆ ಒಳ್ಳೆಯದಿತ್ತು ಎಂದು ಅವರು ಅಭಿಪ್ರಾಯಪಟ್ಟರು.

ಅಷ್ಟು ದೂರದಿಂದ ತಂದಿದ್ದಾರೆ, ಸುಮ್ಮನೆ ಕಳಿಸಬಾರದು ಎಂದು ಗಂಟೆಯನ್ನೇ ಜಗುಲಿಗೆ ತಂದು ಡಬ್ಬದ ಮೇಲೆ ಹಿಡಿದೆವು. ಒಂದು ನಿಮಿಷ ಹೊಡೆದೆವು. ಕೇರಳಕ್ಕೆ ಹೋಗುವ ಲಾರಿಗಳ ಹಾರನ್ನಿನಡಿ ಹುಟ್ಟಿ ಬೆಳೆದ ಇಲಿಗಳು ತಲೆ ಎತ್ತಿ ಕೂಡ ನೋಡಲಿಲ್ಲ, ರಾಗಿ ಮುಗಿಸಿದವು. ನಾನು ಏಳಕ್ಕೂ ಸೊನ್ನೆ ಬರೆದು ಸ್ಟಾಪ್‌ವಾಚ್ ಜೇಬಿಗಿಟ್ಟೆ.

ಡಬ್ಬದ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ ವಿದ್ಯಾರ್ಥಿನಿಯ ತಂದೆ ನನ್ನ ಕಡೆ ತಿರುಗಿ ಕೇಳಿದರು: “ಯಾವಾಗ ಹೊಡೀತೀರಿ ಗಂಟೆ?”

೪. ಮೊದಲೇ ಗೊತ್ತಾಗುವುದು

ಮದ್ದು ಕೊಡುವ ಕೆಲಸ ಶುರುವಾಯಿತು. ಇಲಿಗಳನ್ನು ಕೆಂಪು, ನೀಲಿ, ಹಳದಿ ಎಂದು ಮೂರು ಗುಂಪು ಮಾಡಿ, ಅದೇ ಬಣ್ಣದ ಚೀಟಿಯ ಮೂರು ಬಾಟಲಿ ಇಟ್ಟಿದ್ದೆವು. ಯಾವ ಬಾಟಲಿಯಲ್ಲಿ ಮದ್ದು, ಯಾವುದರಲ್ಲಿ ಬರೀ ನೀರು ಎಂದು ನಮಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಗುಟ್ಟನ್ನು ಮಾರ್ಗದರ್ಶಕರು ಒಂದು ಲಕೋಟೆಯಲ್ಲಿ ಮುಚ್ಚಿಟ್ಟಿದ್ದರು.

ಎರಡನೇ ವಾರಕ್ಕೆ ಅಟೆಂಡರ್ ಗಂಟೆ ಹೊಡೆಯುವ ಮೊದಲೇ ಹೇಳತೊಡಗಿದರು. ಇದು ಬೀಳುತ್ತದೆ. ಇದು ಬೀಳುವುದಿಲ್ಲ. ಇದು ಬೀಳುತ್ತದೆ, ಆದರೆ ನಿಧಾನಕ್ಕೆ. ಹನ್ನೆರಡಕ್ಕೆ ಹನ್ನೊಂದು ಸರಿಯಾಯಿತು. ಹನ್ನೆರಡನೆಯದು ಸ್ಟಾಪ್‌ವಾಚ್ ನಿಲ್ಲಿಸಿದ ಮೇಲೆ ಬಿತ್ತು.

ಗುಟ್ಟು ಸೋರಿದೆ ಎಂದು ಮಾರ್ಗದರ್ಶಕರಿಗೆ ಖಾತ್ರಿಯಾಯಿತು. ಸೋರಿದ್ದರೆ ಆರು ತಿಂಗಳ ಕೆಲಸ ನೀರುಪಾಲು. ಅವರ ಕೋಣೆಯಲ್ಲೇ ವಿಚಾರಣೆ ನಡೆಯಿತು. ಲಕೋಟೆಯನ್ನು ಯಾರಾದರೂ ತೆಗೆದರೇ ಎಂದು ಕೇಳಿದರು. ಲಕೋಟೆ ಎಲ್ಲಿದೆ ಎಂದು ವಿದ್ಯಾರ್ಥಿನಿ ಕೇಳಿದಳು. ಮಾರ್ಗದರ್ಶಕರು ಒಂದು ಬೀರು ತೆರೆದರು, ಮುಚ್ಚಿದರು. ಇನ್ನೊಂದು ತೆರೆದರು. ಕನ್ನಡಕ ಒರೆಸಿಕೊಂಡು ಕೂತರು. ಎಲ್ಲಿಟ್ಟಿದ್ದೇನೆಂದು ಅವರಿಗೂ ಗೊತ್ತಿರಲಿಲ್ಲ. ಇಡೀ ಕಾಲೇಜಿನಲ್ಲಿ ಗುಟ್ಟು ಇಷ್ಟು ಭದ್ರವಾಗಿ ಯಾವತ್ತೂ ಉಳಿದಿರಲಿಲ್ಲ.

ಹಾಗಾದರೆ ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಅಟೆಂಡರನ್ನು ಕೇಳಲಾಯಿತು.

“ಪೆಟ್ಟಿಗೆಗೆ ಬುಟ್ಟ ತಕ್ಷಣ ಬೀಳೋ ಇಲಿ ಮುಖ ತೊಳ್ಕೋತಾ ಇರೋದ ಅರ್ಧಕ್ಕೇ ನಿಲ್ಸುಬುಡ್ತದ ಸಾ. ಮುಂಗೈ ಅಂಗೇ ಎತ್ಕಂಡು ನಿಂತ್ಕತದ. ನನ್ ಕೂಸೂ ಅಷ್ಟೇ. ಬೀಳಕ್ ಮುಂಚೆ ಜಡೆ ಎಣೀತಾ ಇರೋದ ಅರ್ಧಕ್ಕೇ ನಿಲ್ಸ್‌ತದ.”

ಮರುದಿನ ವಿದ್ಯಾರ್ಥಿನಿ ಅಂಕಪಟ್ಟಿಗೆ ಇನ್ನೊಂದು ಕಾಲಂ ಹಾಕಿದಳು: ಮುಖ ತೊಳೆಯುವುದು ನಿಂತ ಸೆಕೆಂಡು. ಅಟೆಂಡರ್ ಆ ಕಾಲಂ ತಮ್ಮದೆಂದು ಬೇರೆಯವರಿಗೆ ಬರೆಯಲು ಬಿಡಲಿಲ್ಲ. ಮಾರ್ಗದರ್ಶಕರು ಲಕೋಟೆ ಹುಡುಕುವುದನ್ನು ಮುಂದುವರಿಸಿದರು. ಎರಡು ತಿಂಗಳ ಮೇಲೆ ಅದು ಅವರ ಮನೆಯ ಗ್ಯಾಸ್ ಪುಸ್ತಕದೊಳಗೆ ಸಿಕ್ಕಿತು. ಅಷ್ಟರಲ್ಲಿ ಅದು ಬೇಕಾಗಿರಲಿಲ್ಲ.

೫. ನೀಲಿ ಗುಂಪು

ಏಕೆ ಬೇಕಾಗಿರಲಿಲ್ಲವೆಂದರೆ, ಮೂರನೇ ವಾರಕ್ಕೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಹಳದಿ ಗುಂಪು ಬೀಳುತ್ತಲೇ ಇತ್ತು. ಕೆಂಪು ಮತ್ತು ನೀಲಿ ಗುಂಪು ಗಂಟೆ ಹೊಡೆದರೆ ಸ್ವಲ್ಪ ಬೇಸರದಿಂದ ಮೇಲೆ ನೋಡಿ ಮೂತಿ ಒರೆಸಿಕೊಳ್ಳುತ್ತಿದ್ದವು. ಅಟೆಂಡರಿಗೆ ಆದ ಸಂತೋಷ ನಾನು ಬರೆಯಲಾರೆ. ಪಂಜರದ ಮುಂದೆ ನಿಂತು ನೀಲಿ ಇಲಿಗಳನ್ನು ಹೊಗಳುತ್ತಿದ್ದರು.

ಅದೇ ಸಂತೋಷದಲ್ಲಿ ವಿದ್ಯಾರ್ಥಿನಿಗೆ ಒಂದು ಸಲಹೆಯನ್ನೂ ಕೊಟ್ಟರು. ವಾಸಿಯಾಗಿವೆ ಕಣಮ್ಮಿ, ಇನ್ನು ಯಾಕೆ ಆ ಕಹಿ ಕುಡಿಸ್ತೀಯ, ನಿಲ್ಲಿಸಿಬಿಡು ಎಂದರು. ಅವಳು ನಕ್ಕು, ನಾಳೆಯಿಂದ ನೀಲಿಗೆ ನಿಲ್ಲಿಸುತ್ತೇನೆ ಅಣ್ಣ ಎಂದಳು. ಪ್ರಯೋಗದ ಯೋಜನೆಯಲ್ಲೇ ಹಾಗಿತ್ತು: ಒಳಗೆ ಏನೇ ಇರಲಿ, ಕೆಂಪು ಬಾಟಲಿ ಕೊನೆಯವರೆಗೂ, ನೀಲಿ ಬಾಟಲಿ ಮೂರೇ ವಾರ. ಅಟೆಂಡರ್ ತಮ್ಮ ಮಾತು ನಡೆಯಿತೆಂದುಕೊಂಡರು. ಕೆಂಪಿಗೂ ನಿಲ್ಲಿಸಬಹುದಿತ್ತು ಎಂದು ನನ್ನ ಹತ್ತಿರ ಹೇಳಿದರು.

ಮುಂದಿನ ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ನೀಲಿಯ ಮೊದಲನೆಯದನ್ನು ಪೆಟ್ಟಿಗೆಗೆ ಬಿಟ್ಟೆವು. ಅದು ಮುಖ ತೊಳೆದುಕೊಳ್ಳುತ್ತಿತ್ತು. ಅರ್ಧಕ್ಕೆ ನಿಲ್ಲಿಸಿತು. ಗಂಟೆ ಹೊಡೆಯುವ ಮೊದಲೇ ಅಟೆಂಡರ್ ಮುಖ ಬಿಳುಚಿಕೊಂಡಿತು. ಒಂಬತ್ತನೇ ಸೆಕೆಂಡಿಗೆ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದೂ. ಆಮೇಲೆ ಕೆಂಪಿನವು ಬಂದವು, ಒಂದೂ ಬೀಳಲಿಲ್ಲ.

ಅಟೆಂಡರ್ ಪಂಜರಗಳನ್ನು ಜಾಗಕ್ಕಿಟ್ಟು, ಕೈ ತೊಳೆದುಕೊಂಡು ನನ್ನ ಹತ್ತಿರ ಬಂದರು.

“ಸಾ, ಇವು ವಾಸಿಯಾಗಿರ್ನಿಲ್ಲ. ಮದ್ದು ಇಡ್ಕಂಡಿತ್ತು ಅಷ್ಟೇಯ.”

“ಹೌದು” ಅಂದೆ.

“ನಾನ್ ನನ್ ಕೂಸ್ಗೆ ಇದೇ ಮಾಡ್ಬುಟ್ಟೆ.”

ಅವರು ಅಲ್ಲೇ ನಿಂತು ರಜೆ ಅರ್ಜಿ ಬರೆದು ಕೊಟ್ಟು ಬಸ್ಸಿಗೆ ಓಡಿದರು. ಅರ್ಜಿಯಲ್ಲಿ ಹೀಗಿತ್ತು: ನನ್ನ ಮಗಳು ನೀಲಿ ಗುಂಪಿನಲ್ಲಿರುವುದು ಈ ದಿನ ತಿಳಿದುಬಂದಿರುವುದರಿಂದ ಅರ್ಧ ದಿನ ರಜೆ ಮಂಜೂರು ಮಾಡಬೇಕಾಗಿ ವಿನಂತಿ.

ಕಚೇರಿಯವರು ಅರ್ಜಿಯನ್ನು ವಾಪಸ್ ಕಳಿಸಿದರು. ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು: ಸದರಿ ಗುಂಪಿಗೆ ನೈತಿಕ ಸಮಿತಿಯ ಅನುಮತಿ ಪಡೆಯಲಾಗಿದೆಯೇ?

೬. ಹಂಗಳ ತಳಿ

ತಿಂಗಳಿಗೊಮ್ಮೆ ಚಾಮರಾಜನಗರಕ್ಕೆ ಒಬ್ಬ ನರರೋಗ ವೈದ್ಯರು ಬರುತ್ತಾರೆ. ಅಟೆಂಡರ್ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದರು. ನನ್ನನ್ನೂ ಕರೆದರು, ಲೆಕ್ಕಕ್ಕೆ ಸಾಕ್ಷಿ ಬೇಕಂತೆ. ಯಾವ ಲೆಕ್ಕ ಎಂದು ಆಗ ನನಗೆ ಗೊತ್ತಾಗಲಿಲ್ಲ.

ಹುಡುಗಿಯನ್ನು ನಾನು ನೋಡಿದ್ದು ಅದೇ ಮೊದಲು. ಉದ್ದ ಜಡೆ, ಚುರುಕು ಕಣ್ಣು. ಇಸ್ತ್ರಿ ಮಾಡಿದ ಕಾಲೇಜಿನ ಸಮವಸ್ತ್ರ ಹಾಕಿಕೊಂಡೇ ಬಂದಿದ್ದಳು.

ವೈದ್ಯರು ಎಲ್ಲರನ್ನೂ ಕೇಳುವುದನ್ನೇ ಕೇಳಿದರು. ಎಷ್ಟು ಸಲ ಬಂದಿದೆ, ಎಷ್ಟು ಹೊತ್ತು ಇರುತ್ತದೆ. ಇದಕ್ಕೆ ನಮ್ಮ ಕಡೆಯವರು ಕೊಡುವ ಉತ್ತರಗಳು ಎರಡೇ: ತುಂಬಾ ಸಲ, ತುಂಬಾ ಹೊತ್ತು. ವೈದ್ಯರು ಅದನ್ನೇ ಬರೆಯಲು ಪೆನ್ನು ತೆಗೆದಿದ್ದರು. ಅಟೆಂಡರ್ ಚೀಲದಿಂದ ಒಂದು ಫೈಲು ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟರು. ನಮ್ಮ ಪ್ರಯೋಗಾಲಯದ ಅಂಕಪಟ್ಟಿ. ಅಚ್ಚು ವಾರೆಯಾಗಿದೆಯೆಂದು ನಾವು ಎಸೆದಿದ್ದ ಹಾಳೆಗಳನ್ನು ಅವರು ಮನೆಗೆ ಒಯ್ದು ನಾಲ್ಕು ತಿಂಗಳಿಂದ ತುಂಬಿದ್ದರು.

ವೈದ್ಯರು ಗಟ್ಟಿಯಾಗಿ ಓದಿದರು.

“ಪ್ರಾಣಿ ಸಂಖ್ಯೆ: ಒಂದು. ತಳಿ: ಹಂಗಳ. ಲಿಂಗ: ಹೆಣ್ಣು. ವಯಸ್ಸು: ಎಂಟುನೂರ ಎಂಬತ್ತನಾಲ್ಕು ವಾರ. ತೂಕ: ನಲವತ್ತೊಂದು ಸಾವಿರದ ಐನೂರು ಗ್ರಾಂ. ಹತ್ತಿ: ಇಲ್ಲ.”

ಹುಡುಗಿ ಕಿಟಕಿಯ ಕಡೆ ತಿರುಗಿಕೊಂಡಳು. ನಾನೂ ತಿರುಗಿಕೊಂಡೆ.

ಆಮೇಲೆ ವೈದ್ಯರು ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿ ಕುರ್ಚಿ ಮುಂದೆ ಎಳೆದುಕೊಂಡರು. ಪ್ರತಿ ಸಲದ ತಾರೀಖು, ವೇಳೆ, ಜಡೆ ನಿಂತ ಸೆಕೆಂಡು, ಬಿದ್ದ ಸೆಕೆಂಡು, ಎದ್ದ ಸೆಕೆಂಡು ಇತ್ತು. ಬೀಗದ ಕೈಯ ಮೇಲೂ ಒಂದು ಪ್ರಯೋಗ ನಡೆದಿತ್ತು. ಒಂದು ಸಲ ಕೈಗೆ ಕೊಟ್ಟು, ಇನ್ನೊಂದು ಸಲ ಕೊಡದೆ. ಕೊಟ್ಟಾಗ ಎಪ್ಪತ್ತು ಸೆಕೆಂಡು, ಕೊಡದಿದ್ದಾಗ ಎಪ್ಪತ್ತು ಸೆಕೆಂಡು. ಷರಾ ಕಾಲಂನಲ್ಲಿ ಅಟೆಂಡರ್ ಪ್ರಾಮಾಣಿಕವಾಗಿ ತಾಯಿಯ ಆಕ್ಷೇಪಣೆಯನ್ನೂ ದಾಖಲಿಸಿದ್ದರು: ಅದು ಸೈಕಲ್ಲಿನ ಬೀಗದ ಕೈ, ಮನೆಯದು ಕೊಟ್ಟಿದ್ದರೆ ಬೇರೆ ಇರುತ್ತಿತ್ತು.

ನನ್ನ ಹತ್ತಿರ ಇಷ್ಟು ಸರಿಯಾದ ಲೆಕ್ಕ ಇದುವರೆಗೆ ಯಾರೂ ತಂದಿಲ್ಲ ಎಂದು ವೈದ್ಯರು ಹೇಳಿದರು. ಮಾತ್ರೆ ನಿಲ್ಲಿಸಿದ್ದು ಬಿಟ್ಟರೆ ನಿಮ್ಮ ತಪ್ಪೇನಿಲ್ಲ ಎಂದೂ ಹೇಳಿದರು. ಅಟೆಂಡರ್ ಕರ್ಚೀಫು ತೆಗೆದು ಮೂಗು ಒರೆಸಿಕೊಂಡರು. ವೈದ್ಯರು ಅವರಿಗೆ ಸಾವರಿಸಿಕೊಳ್ಳಲು ಬಿಟ್ಟು ಇನ್ನೊಂದು ಹಾಳೆ ತಿರುವಿದರು. ಅಲ್ಲಿ ಅವರಿಗೆ ಒಂದು ಅನುಮಾನ ಬಂತು. ಎಲ್ಲ ಸಲವೂ ಎರಡು, ಮೂರು ಅಂಕ ಇದೆ. ಇಲ್ಲೊಂದು ಕಡೆ ಮಾತ್ರ ಅಂಕ ಒಂದು, ಹುಚ್ಚಾಪಟ್ಟೆ ಓಟ, ಇನ್ನೂರು ಸೆಕೆಂಡು ಎಂದು ಬರೆದಿದೆ. ಇದು ಬೇರೆ ಥರದ ಮೂರ್ಛೆ ಇರಬಹುದು, ಹಾಗಿದ್ದರೆ ಮಾತ್ರೆಯೂ ಬೇರೆ ಬೇಕಾಗುತ್ತದೆ. ಅವತ್ತು ನಿಜವಾಗಿ ಏನಾಯಿತು ಎಂದು ಗಂಭೀರವಾಗಿ ಕೇಳಿದರು.

ಅಟೆಂಡರ್ ನೆನಪು ಮಾಡಿಕೊಳ್ಳುವಂತೆ ಸೂರು ನೋಡಿದರು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಹುಡುಗಿ ಮಾತಾಡಿದಳು.

“ಅವತ್ತು ಒಲಕ್ಕೆ ಆನೆ ಬಂದಿತ್ತು ಡಾಕ್ಟ್ರೇ.”

ವೈದ್ಯರು ಪೆನ್ನು ಕೆಳಗಿಟ್ಟರು.

“ಅಪ್ಪಾನೂ ಓಡ್ದ. ನನಗಿಂತ ಮುಂದೆ ಇದ್ದ. ಅವನ ಅಂಕ ಬರ್ಕಂಡಿಲ್ಲ.”

ಅಟೆಂಡರ್ ಇದನ್ನು ಒಪ್ಪಲಿಲ್ಲ. ಓಡುವಾಗ ತಮ್ಮ ಕೈಯಲ್ಲಿ ಸ್ಟಾಪ್‌ವಾಚ್ ಇತ್ತು, ಅಳೆಯುವವರ ಅಂಕವನ್ನು ಬರೆಯುವ ಪದ್ಧತಿ ವಿಜ್ಞಾನದಲ್ಲಿ ಇಲ್ಲ ಎಂದು ನನ್ನನ್ನು ಸಾಕ್ಷಿಗೆ ಕರೆದರು. ಇಲ್ಲ ಎಂದು ನಾನು ದೃಢಪಡಿಸಿದೆ. ವೈದ್ಯರು ಆ ಒಂದು ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ “ಆನೆ” ಎಂದು ಬರೆದು ಸಹಿ ಮಾಡಿದರು.

ಮಾತ್ರೆಯ ಪ್ರಮಾಣ ತೂಕಕ್ಕೆ ತಕ್ಕಂತೆ ಬದಲಾಯಿತು. ತಾವು ಹೇಳುವವರೆಗೆ ನಿಲ್ಲಿಸಬಾರದು, ಕಾಲೇಜಿಗೆ ಹೋಗಬಹುದು ಎಂದು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟರು. ಆಮೇಲಿನ ಹನ್ನೊಂದು ತಿಂಗಳ ಅಂಕ ಸೊನ್ನೆ. ಹುಡುಗಿ ಹಂಗಳದಿಂದ ಏಳು ನಲವತ್ತರ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗುತ್ತಾಳೆ, ಒಬ್ಬಳೇ.